ಸಿಹಿನೀರಿಗೆ ಸೋಲುವ ದೋಣಿಗಳು

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ದೇಶದ ಪಶ್ಚಿಮ ಕರಾವಳಿಯ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನಕ್ಕೆ ಬಿಡುವು ಸಿಗಲಿ, ಮುಂಗಾರಿನ ಅಬ್ಬರಕ್ಕೆ ಜೀವಗಳು ಬಲಿಯಾಗದಿರಲಿ ಎಂಬ ಉದ್ದೇಶದಿಂದ ಜಾರಿಯಲ್ಲಿರುವ ಈ ನಿಷೇಧದ ಬಗ್ಗೆ ಕರಾವಳಿಯಲ್ಲಿ ಮೇ ತಿಂಗಳು ಬಂದಾಗಲೆಲ್ಲ ಚರ್ಚೆ ನಡೆಯುತ್ತದೆಯಾದರೂ, ಆ ಎರಡು ತಿಂಗಳು ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಹಳೆ ಬಂದರುಗಳಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ನಿಲ್ಲುವ ದೋಣಿಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಏಳುವುದು ಆಗಸ್ಟ್ ಬಂದು, ಹಲಗೆ ಮೆತ್ತಗಾಗಿರುವುದೋ ಎಂಜಿನ್ ಕೋಣೆಯಲ್ಲಿ ನೀರು ನಿಂತಿರುವುದೋ ಕಣ್ಣಿಗೆ ಬಿದ್ದ ಮೇಲೆಯೇ. ಹತ್ತು ತಿಂಗಳು ಅಲೆಗಳ ಹೊಡೆತ ತಾಳಿಕೊಂಡ ದೋಣಿ ಎರಡು ತಿಂಗಳ ವಿಶ್ರಾಂತಿಯಲ್ಲಿ ಹಾಳಾಗುವುದು ಹೇಗೆ ಎಂದು ಕೇಳುವವರು ಬಹಳ ಮಂದಿ. ಈ ಪ್ರಶ್ನೆಗೆ ಉತ್ತರ ಇರುವುದು ನೀರಿನ ರುಚಿಯಲ್ಲಿ. ದೋಣಿಯನ್ನು ಕಟ್ಟುವುದು ಕೆಳಗಿನಿಂದ ಒತ್ತುವ ಉಪ್ಪುನೀರನ್ನು ತಡೆಯುವುದಕ್ಕೆ. ಮೇಲಿನಿಂದ ಸುರಿದು ಒಳಗೆ ನಿಲ್ಲುವ ಸಿಹಿನೀರಿನ ಎದುರು ಅದಕ್ಕೆ ಹುಟ್ಟಿನಿಂದ ಬಂದ ರಕ್ಷಣೆ ಇಲ್ಲವೆಂದೇ ಹೇಳಬೇಕು.

ಮರದ ದೋಣಿಯಿಂದಲೇ ವಿವರಣೆಯನ್ನು ಆರಂಭಿಸುವುದು ಸೂಕ್ತ. ಮರವನ್ನು ಕೊಳೆಯಿಸುವುದು ನೀರು ಎಂಬುದು ಸಾಮಾನ್ಯ ನಂಬಿಕೆಯಾದರೂ ನಿಜವಾಗಿ ಕೊಳೆಯಿಸುವುದು ಶಿಲೀಂಧ್ರ, ಅಂದರೆ ಅಣಬೆಯ ಜಾತಿಗೆ ಸೇರಿದ ಸೂಕ್ಷ್ಮಜೀವಿ. ಅದು ಮರದ ನಾರನ್ನೇ ಆಹಾರ ಮಾಡಿಕೊಂಡು ಬೆಳೆಯುತ್ತದೆ. ಅದಕ್ಕೆ ತೇವ, ಗಾಳಿ ಮತ್ತು ಬೆಚ್ಚಗಿನ ಹವೆ ಮೂರೂ ಬೇಕು. ಮರದಲ್ಲಿರುವ ತೇವವು ಒಣಮರದ ತೂಕದ ಶೇ 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ಮರ ಪೂರ್ತಿ ಮುಳುಗಿ ಗಾಳಿ ಸಿಗದಂತಾದರೂ ಬೆಳೆಯಲಾರದು. ಉಪ್ಪಿನ ಅಂಶ ಹೆಚ್ಚಾಗಿದ್ದರೂ ಸೊರಗುತ್ತದೆ. ಆದ್ದರಿಂದಲೇ ದೋಣಿಯ ಅಡಿಭಾಗ, ಸದಾ ಕಡಲಿನಲ್ಲಿ ಮುಳುಗಿರುವ ಭಾಗ, ಬಹುಕಾಲ ಗಟ್ಟಿಯಾಗಿ ಉಳಿಯುತ್ತದೆ, ಅತ್ತ ಸದಾ ನೆನೆಯದೆ ಇತ್ತ ಎಂದೂ ಒಣಗದೆ ಇರುವ ಮೇಲ್ಭಾಗ ಮೊದಲು ಕೆಡುತ್ತದೆ. ಅಟ್ಟದ ಹಲಗೆಯೂ ಪಕ್ಕದ ಹಲಗೆಯೂ ಕೂಡುವ ಸಂದಿ, ಅಡ್ಡತೊಲೆಗಳ ತುದಿ, ಚಾಲಕನ ಕೋಣೆಯ ಬುಡ, ಮೊಳೆ ಹೊಡೆದ ತೂತುಗಳ ಸುತ್ತಮುತ್ತ, ಹೀಗೆ ಮಳೆನೀರು ಇಳಿದು ಕೂರುವ ಜಾಗಗಳಲ್ಲೇ ಕೊಳೆ ಹುಟ್ಟುವುದನ್ನು ದೋಣಿ ಕಟ್ಟುವ ಬಡಗಿಗಳು ಚೆನ್ನಾಗಿ ಬಲ್ಲರು. ಮರದ ಹಡಗುಗಳ ಕಾಲದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಹಡಗುಕಟ್ಟೆಗಳಲ್ಲಿ ಹೊರಹಲಗೆ ಮತ್ತು ಒಳಹಲಗೆಗಳ ನಡುವಿನ ಟೊಳ್ಳಿಗೆ ಕಲ್ಲುಪ್ಪನ್ನು ತುಂಬುತ್ತಿದ್ದರು. ಮೇಲಿನಿಂದ ಸೋರುವ ಮಳೆನೀರು ಆ ಉಪ್ಪಿನ ಮೂಲಕವೇ ಇಳಿದು, ಮರಕ್ಕೆ ತಲುಪುವಷ್ಟರಲ್ಲಿ ಉಪ್ಪುನೀರಾಗಿರಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ಹಾಕಬಾರದೆಂದು ಮನೆಯ ಹಿರಿಯರು ಗದರುವುದರ ಹಿಂದೆಯೂ ಇರುವುದು ಇದೇ ತಿಳಿವಳಿಕೆ.

ಮಳೆಯ ಪ್ರಮಾಣವನ್ನು ಅಂಕಿಗಳಲ್ಲಿ ನೋಡಿದರೆ ಸಮಸ್ಯೆಯ ಗಾತ್ರ ಸ್ಪಷ್ಟವಾಗುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಜೂನ್ ಮತ್ತು ಜುಲೈ ಎರಡೇ ತಿಂಗಳಲ್ಲಿ ಸರಿಸುಮಾರು 2,000 ಮಿ.ಮೀ. ಮಳೆಯಾಗುತ್ತದೆ, ಜೋರು ಮಳೆಯ ಒಂದೇ ದಿನ 100 ಮಿ.ಮೀ. ದಾಟುವುದೂ ಅಲ್ಲಿ ಅಪರೂಪವಲ್ಲ. 8 ಮೀಟರ್ ಉದ್ದದ, ಬಾಯಿ ತೆರೆದ ಫೈಬರ್ ದೋಣಿಯೊಂದರ ಬಾಯಿಯ ವಿಸ್ತಾರ 12 ಚದರ ಮೀಟರ್ ಎಂದು ಇಟ್ಟುಕೊಂಡರೆ, ಅಂಥ ಒಂದು ದಿನದಲ್ಲಿ ಅದರೊಳಗೆ 1,200 ಲೀಟರ್, ಅಂದರೆ ಒಂದೂಕಾಲು ಟನ್ನಿಗೆ ಸಮೀಪದ ನೀರು ಸೇರುತ್ತದೆ. 60 ಚದರ ಮೀಟರ್ ಅಟ್ಟವಿರುವ ಟ್ರಾಲ್ ಬೋಟಿನ ಮೇಲೆ ಆ ಎರಡು ತಿಂಗಳಲ್ಲಿ ಬೀಳುವ ನೀರು 120 ಟನ್. ಅದರಲ್ಲಿ ಬಹುಪಾಲು ಅಟ್ಟದ ಅಂಚಿನ ಕಿಂಡಿಗಳಿಂದ ಹೊರಗೆ ಹರಿದುಹೋಗುತ್ತದೆ, ನಿಜ. ಆದರೆ ನೂರರಲ್ಲಿ ಒಂದು ಪಾಲು ಸಂದಿಗಳಿಂದ ಒಳಗಿಳಿದರೂ ದೋಣಿಯ ಹೊಟ್ಟೆಯಲ್ಲಿ ಟನ್ನಿಗೂ ಮಿಕ್ಕಿದ ಸಿಹಿನೀರು ಉಳಿಯುತ್ತದೆ. ಇನ್ನು ಕಿಂಡಿಗಳಿಗೆ ಬಲೆಯ ಚೂರು, ಪ್ಲಾಸ್ಟಿಕ್ ಕೊಟ್ಟೆ, ಒಣಗಿದ ಮೀನಿನ ಪೊರೆ ಸಿಕ್ಕಿಕೊಂಡು ಮುಚ್ಚಿಹೋಗಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಬಂದರಿನಲ್ಲಿ ಕಟ್ಟಿಹಾಕಿದ ದೋಣಿ ಯಾವ ಬಿರುಗಾಳಿಯೂ ಇಲ್ಲದ ರಾತ್ರಿ ಮುಳುಗಿತೆಂಬ ಸುದ್ದಿ ಬಂದರೆ ಹಲವು ಸಲ ಕಾರಣ ಇಷ್ಟೇ ಸರಳವಾಗಿರುತ್ತದೆ.

ಈ ತಿಳಿವಳಿಕೆ ಕರಾವಳಿಗೆ ಹೊಸದೇನೂ ಅಲ್ಲ. ಎಂಜಿನ್ ಬರುವ ಮುನ್ನಿನ ಕಾಲದಲ್ಲಿ ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳ ನಾಡದೋಣಿಗಳನ್ನು ಮಳೆ ಹಿಡಿಯುವ ಮೊದಲೇ ದಡದ ಮೇಲಕ್ಕೆಳೆದು, ಅಡಿಗೆ ಮರದ ತುಂಡುಗಳನ್ನಿಟ್ಟು ನೆಲದಿಂದ ಎತ್ತರಿಸಿ, ಮೇಲೆ ತೆಂಗಿನ ಮಡಲಿನ ಮಾಡು ಹಾಕಿ ಕಾಯುವ ಪದ್ಧತಿ ಇತ್ತು. ಹೆಣೆದ ಮಡಲು ಮಳೆಯನ್ನು ಇಳಿಜಾರಾಗಿ ಹರಿಸಿಬಿಡುತ್ತದೆ, ಆದರೆ ಗಾಳಿಯನ್ನು ತಡೆಯುವುದಿಲ್ಲ. ಒಳಗಿನ ತೇವ ಹೊರಹೋಗಲು ಅದರಲ್ಲಿ ಸಾವಿರ ಸಣ್ಣ ದಾರಿಗಳಿರುತ್ತವೆ. ಮಾಡಿನ ಕೆಳಗೆ ಒಣಗಿದ ದೋಣಿಗೆ ಎಣ್ಣೆ ಹಚ್ಚುವುದು ಇನ್ನೊಂದು ಕೆಲಸ. ಬೂತಾಯಿ ಮೀನಿನ ಎಣ್ಣೆಯು ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಕೂಡಿ ನಿಧಾನವಾಗಿ ಗಟ್ಟಿಯಾಗುವ ಗುಣವುಳ್ಳದ್ದರಿಂದ ಮರದ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳು, ಅಂದರೆ ಕೀಟ ಮತ್ತು ಶಿಲೀಂಧ್ರಗಳಿಗೆ ವಿಷವಾಗಬಲ್ಲ ಪದಾರ್ಥಗಳು, ಹೇರಳವಾಗಿವೆ. ಹಸಿ ಗೇರುಬೀಜ ಒಡೆಯುವಾಗ ಕೈ ಸುಟ್ಟು ಬೊಬ್ಬೆ ಬರುವುದಕ್ಕೆ ಕಾರಣವಾದ ಖಾರವೇ ದೋಣಿಯ ಮರವನ್ನು ಕಾಪಾಡುತ್ತಿತ್ತು. ಹೊನ್ನೆ ಎಣ್ಣೆಯೂ ಬಳಕೆಯಲ್ಲಿತ್ತು. ಈ ಎಣ್ಣೆಗಳು ಯಾವುವೂ ಶಾಶ್ವತವಲ್ಲ, ವರ್ಷಕ್ಕೆ ಹಲವು ಸಲ ಹಚ್ಚಬೇಕು, ವಾಸನೆ ಸಹಿಸಬೇಕು. ಆದರೂ ಹಚ್ಚುವ ಕೆಲಸ ನಿಲ್ಲದಿದ್ದುದಕ್ಕೆ ಒಂದು ಸರಳ ಕಾರಣವಿತ್ತು: ದೋಣಿ ಮನೆಯ ಅಂಗಳದಿಂದ ಕಾಣುವಷ್ಟು ದೂರದಲ್ಲಿರುತ್ತಿತ್ತು, ಅದರ ಯಜಮಾನನೇ ಅದರಲ್ಲಿ ಕಡಲಿಗೂ ಹೋಗುತ್ತಿದ್ದ.

ಕೊಳೆಯ ಜೊತೆಗೆ ಕೊರೆತದ ವಿಷಯವನ್ನೂ ಹೇಳದೆ ಬಿಟ್ಟರೆ ಚಿತ್ರ ಅಪೂರ್ಣವಾಗುತ್ತದೆ, ಏಕೆಂದರೆ ಇಲ್ಲಿ ಸಿಹಿನೀರು ಶತ್ರುವಾಗದೆ ಮಿತ್ರನಾಗುತ್ತದೆ. ಉಪ್ಪುನೀರಿನಲ್ಲಿ ಮರವನ್ನು ತಿನ್ನುವ ಹಡಗುಹುಳು ಹೆಸರಿಗಷ್ಟೇ ಹುಳು. ಪ್ರಾಣಿಶಾಸ್ತ್ರದ ಪ್ರಕಾರ ಅದು ಮರುವಾಯಿಯ ಬಂಧು, ಎರಡು ಚಿಪ್ಪಿನ ಮೃದ್ವಂಗಿ, ಆ ಚಿಪ್ಪುಗಳನ್ನೇ ಅರದಂತೆ ಬಳಸಿ ಹಲಗೆಯೊಳಗೆ ಬೆರಳುಗಾತ್ರದ ಸುರಂಗ ಕೊರೆಯುತ್ತದೆ. ಹೊರಗಿನಿಂದ ಸೂಜಿಮೊನೆಯಷ್ಟು ತೂತು ಕಂಡರೆ ಒಳಗೆ ಹಲಗೆ ಜೇನುಗೂಡಿನಂತಾಗಿರಬಹುದು. 1730ರ ದಶಕದಲ್ಲಿ ಹಾಲೆಂಡಿನ ಕಡಲತಡೆಗಳ ಮರದ ಕಂಬಗಳನ್ನು ತಿಂದು ಆ ದೇಶವನ್ನೇ ನಡುಗಿಸಿದ್ದು ಇದೇ ಜೀವಿ. ಮಳೆಗಾಲದಲ್ಲಿ ನದಿಗಳು ತುಂಬಿ, ಅಳಿವೆಯ ನೀರು, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯ ನೀರು, ಸಿಹಿಯಾದಾಗ ಹಡಗುಹುಳುವಿಗೆ ಉಳಿಗಾಲವಿರುವುದಿಲ್ಲ. ಆದ್ದರಿಂದ ಗಂಗೊಳ್ಳಿಯ ಪಂಚಗಂಗಾವಳಿಯಲ್ಲೋ ಹೊನ್ನಾವರದ ಶರಾವತಿಯಲ್ಲೋ ಮಳೆಗಾಲ ಕಳೆಯುವ ಮರದ ದೋಣಿಗೆ ಒಂದು ಬಗೆಯ ಚಿಕಿತ್ಸೆ ಪುಕ್ಕಟೆಯಾಗಿ ದೊರಕುತ್ತದೆನ್ನಬಹುದು. ಆದರೆ ಹುಳುವೂ ಹಟಮಾರಿ. ಸುರಂಗದ ಬಾಯಿಯನ್ನು ತನ್ನ ಬಾಲದ ಬಳಿಯ ಎರಡು ಮುಚ್ಚಳಗಳಿಂದ ಭದ್ರಪಡಿಸಿಕೊಂಡು ಕೆಲವು ವಾರ ಉಪವಾಸವಿರಬಲ್ಲದು. ಕೆಳಗೆ ಹುಳುವನ್ನು ಕೊಲ್ಲುವ ನೀರೇ ಮೇಲೆ ಶಿಲೀಂಧ್ರವನ್ನು ಸಾಕುತ್ತದೆ ಎಂಬ ವಿಚಿತ್ರ ಸ್ಥಿತಿಯಲ್ಲಿ ದೋಣಿ ಎರಡು ತಿಂಗಳು ನಿಂತಿರುತ್ತದೆ.

ಹುಳುವಿನ ಕಾಟಕ್ಕೆ ಲೋಹದ ಹೊದಿಕೆಯೇ ಉತ್ತರವೆಂದು ಬಗೆದ ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿ ಪರೀಕ್ಷಿಸಿತು. ಹುಳು ದೂರವಾಯಿತು, ಆದರೆ ತಾಮ್ರಕ್ಕೆ ತಗುಲಿಕೊಂಡಿದ್ದ ಕಬ್ಬಿಣದ ಮೊಳೆಗಳು ಕರಗತೊಡಗಿದವು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವು ಸಣ್ಣ ಬ್ಯಾಟರಿಯಂತೆ ವರ್ತಿಸಿ, ಹೆಚ್ಚು ಚುರುಕಾದ ಲೋಹ ಸವೆದು ಇನ್ನೊಂದನ್ನು ಕಾಯುತ್ತದೆ ಎಂಬ ತತ್ತ್ವವನ್ನು 1824ರಲ್ಲಿ ಹಂಫ್ರಿ ಡೇವಿ ಇದೇ ತೊಂದರೆಗೆ ಅನ್ವಯಿಸಿ ಪರಿಹಾರ ಸೂಚಿಸಿದರು. ಇಂದು ಕರಾವಳಿಯಲ್ಲಿ ಹೆಚ್ಚುತ್ತಿರುವ ಉಕ್ಕಿನ ಬೋಟುಗಳ ಹೊರಮೈಗೆ ಸತುವಿನ ಗಟ್ಟಿಗಳನ್ನು ಕೂಡಿಸುವುದು ಆ ತತ್ತ್ವದ ಮೇಲೆಯೇ: ಸತು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಬಹಳ ಮಂದಿ ಮಾಲೀಕರ ಗಮನಕ್ಕೆ ಬಾರದ ಅಂಶ ಇಲ್ಲಿದೆ. ಸಿಹಿನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದಿಲ್ಲ, ಜೊತೆಗೆ ಅದರಲ್ಲಿ ಸತುವಿನ ಮೇಲೆ ಬಿಳಿಯ ಪೊರೆಯೊಂದು ಕೂತು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆಗಸ್ಟಿನಲ್ಲಿ ಕಡಲಿಗೆ ಹೋದ ಮೇಲೂ ಆ ಪೊರೆ ಹೋಗದೆ ಉಳಿಯಬಹುದು. ಗಟ್ಟಿ ಇನ್ನೂ ದಪ್ಪವಾಗಿಯೇ ಇದೆಯೆಂದು ಸಮಾಧಾನಪಟ್ಟುಕೊಳ್ಳುವವರು, ಅದು ಸವೆಯದೆ ಉಳಿದಿದೆಯೆಂದರೆ ಕೆಲಸ ಮಾಡಿಲ್ಲವೆಂದೂ ಅರ್ಥವಾಗಬಹುದೆಂದು ಯೋಚಿಸುವುದಿಲ್ಲ. ಮಳೆ ಉಕ್ಕಿನ ಅಟ್ಟದ ಮೇಲಿನ ಉಪ್ಪನ್ನು ತೊಳೆದುಕೊಟ್ಟು ಉಪಕಾರ ಮಾಡುತ್ತದೆಂಬುದನ್ನೂ ನ್ಯಾಯವಾಗಿ ಒಪ್ಪಬೇಕು. ಆದರೆ ಹಾಗೆ ತೊಳೆದ ನೀರು ಹೊಟ್ಟೆಯಲ್ಲಿ ನಿಂತರೆ ಉಪಕಾರ ಅಲ್ಲಿಗೆ ಮುಗಿಯಿತು.

ಫೈಬರ್ ದೋಣಿ ಬಂದ ಮೇಲೆ ಹವೆಯ ಚಿಂತೆ ತಪ್ಪಿತೆಂಬ ಭಾವನೆ ಬಲವಾಗಿದೆ. ಗಾಜಿನ ನಾರನ್ನು ಪಾಲಿಯೆಸ್ಟರ್ ಅಂಟಿನಲ್ಲಿ ಅದ್ದಿ ಪದರಪದರವಾಗಿ ಕಟ್ಟುವ ಈ ದೋಣಿ ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ, ತುಕ್ಕು ತಿನ್ನುವುದಿಲ್ಲ ಎಂಬುದೆಲ್ಲ ನಿಜ. ಆದರೆ ಅದರ ಹೊರಮೈಯಲ್ಲಿ ಹೊಳೆಯುವ ಜೆಲ್‌ಕೋಟ್, ಅಂದರೆ ಒಳಪದರಗಳಿಗೆ ನೀರು ಮುಟ್ಟದಂತೆ ಹಚ್ಚುವ ಬಣ್ಣಬೆರೆತ ಅಂಟಿನ ಹೊದಿಕೆ, ಬಿಸಿಲಿನ ನೇರಳಾತೀತ ಕಿರಣಗಳಿಗೆ ಸೋಲುತ್ತದೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಮರಳಿನ ಮೇಲೆ ತೆರೆದಿಟ್ಟ ದೋಣಿಯ ಮೈಯನ್ನು ಉಜ್ಜಿದರೆ ಕೈಗೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ, ಅದು ಸವೆಯುತ್ತಿರುವ ಜೆಲ್‌ಕೋಟ್. ಹೊದಿಕೆ ತೆಳುವಾದಲ್ಲಿ ಅಥವಾ ಬಿರಿದಲ್ಲಿ ನೀರು ಒಳಹೊಕ್ಕು, ಅಂಟಿನಲ್ಲಿ ಉಳಿದಿರುವ ಕರಗುವ ಪದಾರ್ಥಗಳನ್ನು ಸೇರಿ, ಒಳಗಿನಿಂದ ಒತ್ತಡ ಹುಟ್ಟಿಸಿ ಮೈಮೇಲೆ ಗುಳ್ಳೆಗಳನ್ನು ಎಬ್ಬಿಸುತ್ತದೆ. ಉಪ್ಪು ಕಡಿಮೆಯಾದಷ್ಟೂ ನೀರು ಒಳಕ್ಕೆ ನುಗ್ಗುವ ಈ ಸೆಳೆತ ಹೆಚ್ಚಾಗುವುದರಿಂದ, ಇಲ್ಲಿಯೂ ಸಿಹಿನೀರೇ ಹೆಚ್ಚು ಹಾನಿಕರ. ಇದಕ್ಕಿಂತ ಗಂಭೀರವಾದುದು ಎಂಜಿನ್ ತೂಗುಹಾಕುವ ಹಿಂಭಾಗದ ಹಲಗೆಯ ಸ್ಥಿತಿ. ಹೊರಗೆ ಫೈಬರ್ ಕಂಡರೂ ಎಷ್ಟೋ ದೋಣಿಗಳಲ್ಲಿ ಅದರ ಒಳಗೆ ಇರುವುದು ಪ್ಲೈವುಡ್. ಬೋಲ್ಟಿನ ತೂತಿನಿಂದ ಇಳಿದ ಮಳೆನೀರು ಆ ಪ್ಲೈವುಡ್ಡನ್ನು ಕಣ್ಣಿಗೆ ಕಾಣದಂತೆ ಕೊಳೆಯಿಸುತ್ತದೆ, ಎಂಜಿನ್ ಒಂದು ದಿನ ಅಲುಗಾಡತೊಡಗಿದಾಗಲೇ ಅದು ತಿಳಿಯುವುದು.

ಇಷ್ಟೆಲ್ಲ ತಿಳಿದಿದ್ದೂ ಮಾಲೀಕರು ಏಕೆ ಉದಾಸೀನರಾಗಿರುತ್ತಾರೆ ಎಂಬುದಕ್ಕೆ ಸೋಮಾರಿತನ ಎಂಬ ಒಂದೇ ಉತ್ತರ ಕೊಡುವುದು ಅನ್ಯಾಯವಾದೀತು. ಆಳಸಮುದ್ರ ಬೋಟಿನ ಬೆಲೆ ಕೋಟಿ ರೂಪಾಯಿ ದಾಟಿರುವ ಇಂದಿನ ದಿನಗಳಲ್ಲಿ ಮಾಲೀಕ ಅನೇಕ ಸಲ ಕಡಲಿಗೆ ಹೋಗುವವನಲ್ಲ. ದೋಣಿಯನ್ನು ನಡೆಸುವವನು ತಾಂಡೇಲ, ದುಡಿಯುವವರು ಉತ್ತರ ಕನ್ನಡದಿಂದ, ಆಂಧ್ರಪ್ರದೇಶ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು. ಮೇ ಕೊನೆಗೆ ಲೆಕ್ಕಾಚಾರ ಮುಗಿಸಿ ಅವರೆಲ್ಲ ಊರಿಗೆ ಹೊರಟುಹೋಗುತ್ತಾರೆ. ದೋಣಿಯ ಯಾವ ಸಂದಿ ಸೋರುತ್ತದೆ, ಯಾವ ಪಂಪು ಕೈಕೊಡುತ್ತದೆ ಎಂದು ಬಲ್ಲವರು ಮಳೆ ಶುರುವಾಗುವ ಹೊತ್ತಿಗೆ ಸಾವಿರ ಕಿಲೋಮೀಟರ್ ದೂರದಲ್ಲಿರುತ್ತಾರೆ. ಆದಾಯ ನಿಂತ ಎರಡು ತಿಂಗಳಲ್ಲಿ ಖರ್ಚಿಗೆ ಸಿಗುವ ಹಣ ಮೊದಲು ಸಾಲದ ಕಂತಿಗೆ, ಆಮೇಲೆ ಬಲೆ ಮತ್ತು ಎಂಜಿನ್ ದುರಸ್ತಿಗೆ ಹೋಗುತ್ತದೆ, ಏಕೆಂದರೆ ಹರಿದ ಬಲೆಯಿಂದ ಮೊದಲ ದಿನವೇ ನಷ್ಟ, ಕೊಳೆತ ಹಲಗೆಯಿಂದ ಆಗುವ ನಷ್ಟ ಐದು ವರ್ಷದ ಮಾತು. ಬಂದರುಗಳ ಇಕ್ಕಟ್ಟೂ ಕಡೆಗಣಿಸುವಂಥದ್ದಲ್ಲ. ದೋಣಿಗಳು ಸಾಲುಸಾಲಾಗಿ ಒಂದರ ಪಕ್ಕ ಒಂದು ನಿಂತಿರುವಾಗ ನಡುವಿನ ದೋಣಿಗೆ ಹೋಗಿ ನೀರು ಚೆಲ್ಲಿ ಬರುವುದೂ ಸಾಹಸವೇ. ಗಾಳಿ ಬಂದರೆ ಅವು ಪರಸ್ಪರ ತಿಕ್ಕಾಡುತ್ತವೆ, ಒಂದು ಮುಳುಗಿದರೆ ಹಗ್ಗದ ಎಳೆತಕ್ಕೆ ಪಕ್ಕದ್ದೂ ವಾಲುತ್ತದೆ.

ವಿಮೆ ಇದೆಯಲ್ಲ ಎಂಬ ಧೈರ್ಯ ಹಲವರದು. ಸಾಗರ ವಿಮೆಗೆ ಸಂಬಂಧಿಸಿದ 1963ರ ಭಾರತೀಯ ಕಾಯ್ದೆಯ 55ನೇ ಸೆಕ್ಷನ್ ಓದಿದರೆ ಆ ಧೈರ್ಯ ಸ್ವಲ್ಪ ಕುಗ್ಗಬಹುದು. ಪಾಲಿಸಿಯಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಮಾನ್ಯ ಸವೆತ, ಸಾಮಾನ್ಯ ಸೋರಿಕೆ, ವಸ್ತುವಿನ ಸ್ವಭಾವದಲ್ಲೇ ಇರುವ ದೋಷ, ಇಲಿ ಮತ್ತು ಕ್ರಿಮಿಗಳಿಂದಾದ ಹಾನಿ, ಇವಾವುದಕ್ಕೂ ವಿಮಾದಾರ ಹೊಣೆಯಲ್ಲವೆಂದು ಅದು ಹೇಳುತ್ತದೆ. ಅದೇ ಕಾಯ್ದೆಯ ಅನುಬಂಧವು ಕಡಲಿನ ಅಪಾಯವೆಂದರೆ ಆಕಸ್ಮಿಕ ಅವಘಡಗಳು ಮಾತ್ರ, ಗಾಳಿ ಮತ್ತು ಅಲೆಗಳ ಎಂದಿನ ವರ್ತನೆ ಅದರಲ್ಲಿ ಸೇರುವುದಿಲ್ಲ ಎಂದು ಅರ್ಥ ವಿವರಿಸುತ್ತದೆ. 2021ರ ಮೇ ತಿಂಗಳಲ್ಲಿ ಕರಾವಳಿಗೆ ಸಮೀಪದಲ್ಲೇ ಹಾದುಹೋದ ತೌಕ್ತೆಯಂಥ ಚಂಡಮಾರುತ ಆಕಸ್ಮಿಕ. ಪ್ರತಿವರ್ಷ ಬರುವ ಜೂನ್ ತಿಂಗಳ ಮಳೆ ಆಕಸ್ಮಿಕವೆಂದು ವಾದಿಸುವುದು ಯಾವ ವಕೀಲರಿಗೂ ಸುಲಭವಲ್ಲ.

ಮಳೆಗೆ ಮುನ್ನ ಒಂದು ನೀಲಿ ಟರ್ಪಾಲು ಕಟ್ಟಿ ಕೈತೊಳೆದುಕೊಳ್ಳುವವರನ್ನು ಉದಾಸೀನರ ಪಟ್ಟಿಗೆ ಸೇರಿಸುವಂತಿಲ್ಲ, ಆದರೆ ಆ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ಟರ್ಪಾಲನ್ನು ದೋಣಿಯ ಬಾಯಿಗೆ ಬಿಗಿದು ಕಟ್ಟಿದರೆ ನಡುವೆ ಗುಂಡಿ ಬಿದ್ದು ನೀರು ನಿಲ್ಲುತ್ತದೆ, ಭಾರಕ್ಕೆ ಹರಿಯುತ್ತದೆ. ಹರಿಯದಿದ್ದರೆ ಒಳಗಿನ ತೇವ ಹೊರಹೋಗಲಾರದೆ ಟರ್ಪಾಲಿನ ಒಳಮೈಗೆ ಹನಿಗಟ್ಟಿ ಮತ್ತೆ ಹಲಗೆಗೆ ತೊಟ್ಟಿಕ್ಕುತ್ತದೆ. ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇರುವ ಆ ಜಾಗ ಅಣಬೆ ಬೆಳೆಯುವ ಶೆಡ್ಡಿಗಿಂತ ಬಹಳ ಭಿನ್ನವಲ್ಲ. ಉದ್ದಕ್ಕೂ ಒಂದು ಬಿದಿರನ್ನು ಎತ್ತರದಲ್ಲಿ ಕಟ್ಟಿ, ಅದರ ಮೇಲೆ ಟರ್ಪಾಲನ್ನು ಮನೆಯ ಮಾಡಿನಂತೆ ಎರಡೂ ಬದಿಗೆ ಇಳಿಬಿಟ್ಟು, ಮುಂದೆ ಹಿಂದೆ ಗಾಳಿಗೆ ದಾರಿ ಬಿಟ್ಟರೆ, ಹಳೆಯ ಮಡಲಿನ ಮಾಡು ಮಾಡುತ್ತಿದ್ದ ಕೆಲಸವೇ ಆಗುತ್ತದೆ. ದಡಕ್ಕೆಳೆದ ಸಣ್ಣ ದೋಣಿಯನ್ನು ಮುಂಭಾಗ ಕೊಂಚ ಎತ್ತರವಾಗುವಂತೆ ಕೂಡಿಸಿ, ಹಿಂದಿನ ನೀರುತೂತಿನ ಬಿರಡೆ ತೆಗೆದಿಟ್ಟರೆ ಉಳಿದದ್ದನ್ನು ಇಳಿಜಾರೇ ನೋಡಿಕೊಳ್ಳುತ್ತದೆ. ದೊಡ್ಡ ಬೋಟುಗಳಿಗೆ ಬೇಕಾದುದು ವಸ್ತುವಲ್ಲ, ಮನುಷ್ಯ: ಹತ್ತಿಪ್ಪತ್ತು ಬೋಟುಗಳ ಮಾಲೀಕರು ಕೂಡಿ, ಆ ಎರಡು ತಿಂಗಳು ಊರಲ್ಲೇ ಉಳಿಯುವ ಇಬ್ಬರು ಅನುಭವಿ ಮೀನುಗಾರರಿಗೆ ಸಂಬಳ ಕೊಟ್ಟು, ದಿನಕ್ಕೊಮ್ಮೆ ಹೊಟ್ಟೆಯ ನೀರು ನೋಡುವ, ಕಿಂಡಿಗಳನ್ನು ಬಿಡಿಸುವ, ಬಿಸಿಲು ಕಂಡ ಹೊತ್ತಿನಲ್ಲಿ ಮುಚ್ಚಳಗಳನ್ನು ತೆರೆದಿಡುವ ಕೆಲಸ ಒಪ್ಪಿಸಿದರೆ ತಲೆಗೆ ಬರುವ ಖರ್ಚು ಒಂದು ಹಲಗೆ ಬದಲಿಸುವ ಖರ್ಚಿನ ಹತ್ತಿರಕ್ಕೂ ಬಾರದು. ಬಂದರು ಅಭಿವೃದ್ಧಿಯೆಂದರೆ ಜೆಟ್ಟಿಯ ಉದ್ದ ಹೆಚ್ಚಿಸುವುದು ಮತ್ತು ಹೂಳೆತ್ತುವುದು ಎಂದಷ್ಟೇ ತಿಳಿಯುವ ಯೋಜನೆಗಳು, ದೋಣಿಯನ್ನು ದಡಕ್ಕೆಳೆಯುವ ಇಳಿಜಾರು ಕಟ್ಟೆಗಳಿಗೂ ಮಾಡು ಹೊದಿಸಿದ ದುರಸ್ತಿ ಅಂಗಳಗಳಿಗೂ ಒಂದಿಷ್ಟು ಹಣ ತೆಗೆದಿಟ್ಟರೆ ತಪ್ಪಾಗಲಾರದು.

ದೋಣಿಯ ರಕ್ಷಣೆಯೆಂದು ಎಲ್ಲ ಮಾಲೀಕರೂ ತಪ್ಪದೆ ಮಾಡುವ ಕೆಲಸ ಒಂದಿದೆ, ಅದು ಬಣ್ಣ. ಸಮುದ್ರ ಪೂಜೆಯ ಹೊತ್ತಿಗೆ ಬೋಟು ಹೊಸದಾಗಿ ಕಾಣಬೇಕೆಂಬ ಆಸೆಯಿಂದ ಜುಲೈ ಕೊನೆಯ ವಾರದಲ್ಲಿ, ಎರಡು ಮಳೆಗಳ ನಡುವಿನ ಬಿಡುವಿನಲ್ಲಿ, ಅವಸರದಿಂದ ಬಣ್ಣ ಬಳಿಯುವ ದೃಶ್ಯ ಎಲ್ಲ ಬಂದರುಗಳಲ್ಲೂ ಸಾಮಾನ್ಯ. ಬಣ್ಣವು ಹೊರಗಿನ ನೀರನ್ನು ತಡೆಯುವಷ್ಟೇ ಗಟ್ಟಿಯಾಗಿ ಒಳಗಿನ ನೀರನ್ನೂ ತಡೆಯುತ್ತದೆ. ಎರಡು ತಿಂಗಳು ನೆನೆದ ಹಲಗೆಗೆ ಅದನ್ನು ಬಳಿದರೆ ಮರದೊಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಬಲ್ಲ ಬಡಗಿಗಳು ಬಣ್ಣಕ್ಕೆ ಮುನ್ನ ಹಲಗೆಯನ್ನು ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಗಟ್ಟಿ ಮರ ಠಣ್ಣೆಂದು ಸದ್ದು ಕೊಡುತ್ತದೆ, ಕೊಳೆತದ್ದು ಮಂಕಾಗಿ ದೊಪ್ಪೆನ್ನುತ್ತದೆ, ಸಂಶಯವಿದ್ದಲ್ಲಿ ಚೂಪಾದ ಉಳಿಯ ಮೊನೆ ಎಷ್ಟು ಆಳಕ್ಕೆ ಇಳಿಯಿತೆಂಬುದೇ ಸಾಕ್ಷಿ. ಆ ಪರೀಕ್ಷೆಗೆ ಪುರುಸೊತ್ತು ಸಿಗದ ದೋಣಿಗಳು ಹೊಚ್ಚಹೊಸ ನೀಲಿ, ಕೆಂಪು ಬಣ್ಣಗಳಲ್ಲಿ ಆಗಸ್ಟ್‌ನಲ್ಲಿ ಅಳಿವೆ ದಾಟುತ್ತವೆ, ಅಕ್ಟೋಬರದ ಬಿಸಿಲಿಗೆ ಅವುಗಳ ಪಕ್ಕದ ಹಲಗೆಗಳ ಮೇಲೆ ಮೊದಲ ಗುಳ್ಳೆಗಳು ಏಳತೊಡಗುತ್ತವೆ.